ಬೂದಿ ಬಣ್ಣದ ಬಾಡಿಗೆ ಕಾರು

"ಕೈ ತೆಗೀರಿ! ಆ ಕೀಲಿ ನನ್ನದು."

"ನಿಮ್ಮದು ಅಂತ ಅದರ ಮೇಲೆ ಬರೆದಿದೆಯಾ?"

ಬಾಡಿಗೆ ಕಾರಿನ ಕೌಂಟರಿನ ಮೇಲೆ ಇದ್ದದ್ದು ಒಂದೇ ಕೀಲಿ. ಅದರ ಮೇಲೆ ಬಿದ್ದದ್ದು ಎರಡು ಕೈ. ಬೆರಳಿಗೆ ಬೆರಳು ತಗುಲಿ ಮೈ ಜುಮ್ಮೆಂದಿತು ಎಂದು ನಾನು ಬರೆಯಬೇಕು, ನೀವು ಓದಬೇಕು, ಅದೇ ವಾಡಿಕೆ. ಆದರೆ ನಿಜ ಹೇಳಿಬಿಡುತ್ತೇನೆ. ಅವಳಿಗೆ ಜುಮ್ಮೆನ್ನಲಿಲ್ಲ. ಮೈಯೆಲ್ಲ ಉರಿದುಹೋಯಿತು!

ಅವಳು ಒಂದು ದಿನಪತ್ರಿಕೆಯಲ್ಲಿ ಪ್ರತಿ ಭಾನುವಾರ ಕಾರುಗಳ ಬಗ್ಗೆ ಅಂಕಣ ಬರೆಯುವವಳು. ಹೊಸ ಕಾರನ್ನು ಓಡಿಸಿ ನೋಡುವುದು, ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಕಚೇರಿಯಲ್ಲಿ ಅವಳಿಗೆ ಮೆಣಸಿನಕಾಯಿ ಎಂದು ಹೆಸರು. ಎದುರಿಗಲ್ಲ, ಬೆನ್ನ ಹಿಂದೆ.

ಎಂಟು ವರ್ಷ ಸಿನಿಮಾ ವೇಳಾಪಟ್ಟಿ ಟೈಪು ಮಾಡಿ, ಸಂಪಾದಕರಿಗೆ ದುಂಬಾಲು ಬಿದ್ದು ಗಿಟ್ಟಿಸಿದ ಅಂಕಣ ಅದು. ಕೊಡುವಾಗಲೇ ಸಂಪಾದಕರು ಬೆರಳೆತ್ತಿ ಹೇಳಿದ್ದರು. "ನೋಡಮ್ಮ, ಹೆಣ್ಣುಮಗಳು ಕಾರಿನ ಬಗ್ಗೆ ಬರೀತಾಳೆ ಅಂದ್ರೆ ಓದುಗರು ಭೂತಗನ್ನಡಿ ಹಿಡ್ಕೊಂಡು ಕೂತಿರ್ತಾರೆ. ಒಂದೇ ಒಂದು ತಪ್ಪು ಸಿಕ್ಕಲಿ... ಅಂಕಣ ಕ್ರೀಡಾ ವಿಭಾಗದವನಿಗೆ!"

ಎರಡು ವರ್ಷವಾಗಿತ್ತು. ಒಂದು ತಪ್ಪೂ ಸಿಕ್ಕಿರಲಿಲ್ಲ.

ಈ ವಾರ ಕಾರು ಕೊಡುತ್ತೇವೆಂದಿದ್ದ ಕಂಪನಿಯವರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಭಾನುವಾರದ ಜಾಗ ಖಾಲಿ ಬಿಡುವಂತಿಲ್ಲ. ಅದಕ್ಕೇ ಬಾಡಿಗೆ ಕಾರು. ಇಲ್ಲಿ ನೋಡಿದರೆ ಈ ನೀಲಿ ಅಂಗಿಯವನು!

ಕೌಂಟರಿನ ಹೆಂಗಸು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಇಬ್ಬರ ಬುಕ್ಕಿಂಗೂ ಇದೆ. ಕಾರು ಮಾತ್ರ ಒಂದೇ ಇದೆ. ಸಾರ್, ನಿಮಗೆ ಎಲ್ಲಿಗೆ ಹೋಗಬೇಕು?"

"ಬಂದರಿನ ಊರಿಗೆ. ಹನ್ನೊಂದಕ್ಕೆ ಮೀಟಿಂಗ್. ರೈಲು ತಪ್ಪಿಹೋಯ್ತು."

"ಮೇಡಂ, ನಿಮಗೆ?"

"ಎಲ್ಲಿಗಾದರೂ ಸರಿ. ನನಗೆ ಹೆದ್ದಾರಿಯಲ್ಲಿ ಈ ಕಾರು ಓಡಿಸಿ ನೋಡಬೇಕು, ಅಷ್ಟೇ."

"ಮತ್ತಿನ್ನೇನು! ಇವರಿಗೆ ಊರು ಬೇಕು, ನಿಮಗೆ ಕಾರು ಬೇಕು. ಒಟ್ಟಿಗೆ ಹೋಗಿ, ಸಂಜೆ ಒಟ್ಟಿಗೆ ಬನ್ನಿ. ಇಲ್ಲಾಂದ್ರೆ ಇಲ್ಲೇ ಜಗಳ ಆಡ್ಕೊಂಡು ಕೂತಿರಿ. ನನಗೇನೂ ಬೇಜಾರಿಲ್ಲ, ಹೊತ್ತು ಹೋಗುತ್ತೆ."

ಹೀಗೆ ಶುರುವಾಯಿತು ನೋಡಿ.

ಸಾಮಾನ್ಯವಾಗಿ ಅವಳು ಯಾವ ಕಾರನ್ನೂ ಸುಮ್ಮನೆ ಹತ್ತುವವಳಲ್ಲ. ಮೊದಲು ಸುತ್ತ ಒಂದು ಸುತ್ತು ಬಂದು, ಚೀಲದಿಂದ ಗಾಳಿ ಅಳೆಯುವ ಮೀಟರು ತೆಗೆದು, ನಾಲ್ಕೂ ಟೈರಿಗೆ ಹಿಡಿದು ನೋಡಿಯೇ ಬಾಗಿಲು ತೆರೆಯುವುದು. ಆದರೆ ಅಂದು "ಹೋಗೋವಾಗ ನಾನು ಓಡಿಸ್ತೀನಿ, ಬರೋವಾಗ ನೀವು" ಎಂದು ಅವನು, "ಎರಡೂ ಸಲ ನಾನೇ" ಎಂದು ಅವಳು... ಆ ಗಲಾಟೆಯಲ್ಲಿ ಧಡಾರನೆ ಬಾಗಿಲೆಳೆದು ಕುಳಿತೇಬಿಟ್ಟಳು. ಮೀಟರು ಚೀಲದಲ್ಲೇ ಉಳಿಯಿತು.

ಇನ್ನು ಆ ಕಾರು! ಕಾರಿಗಿಂತ ಒಂದು ಗೇಣು ಎತ್ತರ, ಜೀಪಿಗಿಂತ ಒಂದು ಗೇಣು ಗಿಡ್ಡ. ಕ್ರಾಸ್‌ಓವರ್ ಅನ್ನುತ್ತಾರಂತೆ. ಹೊರಗೆ ಬೂದಿ ಬಣ್ಣ, ಒಳಗೆ ಬೂದಿ ಬಣ್ಣ, ಕೈಯಿಟ್ಟಲ್ಲೆಲ್ಲ ಗಟ್ಟಿ ಪ್ಲಾಸ್ಟಿಕ್ಕು. ನಿಲ್ಲಿಸಿದ ಜಾಗ ಮರೆತರೆ ಮತ್ತೆ ಸಿಕ್ಕುವ ಭರವಸೆಯಿಲ್ಲ. ಹೊಚ್ಚ ಹೊಸದು, ಮೀಟರಿನಲ್ಲಿ ಮೂವತ್ತೊಂದೇ ಕಿಲೋಮೀಟರು.

ಅವಳು ಫೋನಿನ ರೆಕಾರ್ಡರ್ ಒತ್ತಿ ಮಾತಾಡತೊಡಗಿದಳು.

"ಆಕ್ಸಿಲರೇಟರ್ ಒತ್ತಿದರೆ ಮೊದಲು ಅಳುತ್ತೆ. ಆಮೇಲೆ ಯೋಚನೆ ಮಾಡುತ್ತೆ. ಆಮೇಲೆ ಮನಸ್ಸಿದ್ದರೆ ಮುಂದೆ ಹೋಗುತ್ತೆ."

ಪಕ್ಕದವನು ಗಂಟಲು ಸರಿಮಾಡಿಕೊಂಡ.

"ಸ್ಟಿಯರಿಂಗ್ ತಿರುಗಿಸಿದರೆ ದೂರದ ನೆಂಟರಿಗೆ ಕಾಗದ ಬರೆದ ಹಾಗಿದೆ. ಯಾವಾಗಲೋ ಉತ್ತರ ಬರುತ್ತೆ."

"ರೀ, ಅದು ಸುಮ್ಮನೆ ಮನೆಯವರನ್ನ ಕರ್ಕೊಂಡು ಹೋಗೋ ಕಾರು. ಪಂದ್ಯಕ್ಕೆ ಬಿಡೋದಲ್ಲ!"

"ನಿಮ್ಮನ್ನ ಯಾರು ಕೇಳಿದ್ರು? ಇದು ರೆಕಾರ್ಡ್ ಆಗ್ತಿದೆ."

"ಆಗಲಿ ಬಿಡಿ! ಕಾರಿಗೂ ಒಬ್ಬ ವಕೀಲ ಬೇಕಲ್ಲ."

ಅಷ್ಟರಲ್ಲಿ ಡಾಂಬರು ಕಿತ್ತ ರಸ್ತೆ ಬಂತು. ಕಾರು ಕುಣಿಯತೊಡಗಿತು. ಕುಣಿತವೆಂದರೆ ಅಂಥಿಂಥ ಕುಣಿತವಲ್ಲ, ಸಣ್ಣ ಕಲ್ಲು ಸಿಕ್ಕರೂ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು!

"ಅಯ್ಯಪ್ಪಾ! ಈ ಸ್ಪ್ರಿಂಗ್ ಮಾಡಿದ ಮಹಾನುಭಾವನನ್ನ ಇದೇ ಕಾರಲ್ಲಿ ಕೂರಿಸಿ ಇದೇ ರಸ್ತೇಲಿ ಓಡಿಸಬೇಕು. ಆಗ ಗೊತ್ತಾಗುತ್ತೆ!"

ನೀಲಿ ಅಂಗಿಯವನು ಪ್ರತಿ ಗುಂಡಿಗೂ ಕಣ್ಣು ಮುಚ್ಚುತ್ತಿದ್ದ. ನನ್ನ ಡ್ರೈವಿಂಗಿಗೆ ಹೆದರಿದ್ದಾನೆ, ಪುಕ್ಕಲ... ಎಂದುಕೊಂಡಳು ಅವಳು.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದರು. ಅವಳು ಲೋಟ ಹಿಡಿದು ಬರುವಾಗ ಅವನು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಎದ್ದು ಅವಳತ್ತ ತಿರುಗಿದ.

"ಮೇಡಂ, ಒಂದು ವಿಷಯ..."

"ಏನು, ಇನ್ನೊಂದು ವಕಾಲತ್ತಾ? ನೋಡಿ, ಆರು ವರ್ಷದಿಂದ ಕಾರಿನ ಹಿಂದೆ ಬಿದ್ದಿದ್ದೀನಿ, ಎರಡು ವರ್ಷದಿಂದ ಬರೀತಿದ್ದೀನಿ. ಈ ಡಬ್ಬದ ಬಗ್ಗೆ ನಿಮ್ಮಿಂದ ಕಲಿಯೋದು ಏನೂ ಇಲ್ಲ. ಹತ್ತಿ!"

ಅವನ ಮುಖ ಕಪ್ಪಿಟ್ಟಿತು. ತೆರೆದ ಬಾಯಿ ಮುಚ್ಚಿಕೊಂಡಿತು. ಆ ಬಾಯಿ ಸಂಜೆ ಕಾರು ವಾಪಸು ಕೊಡುವವರೆಗೂ ತೆರೆಯಲಿಲ್ಲ.

ತೆರೆಯಲಿಲ್ಲ ಎಂದೆನೇ? ಒಮ್ಮೆ ತೆರೆಯಿತು. ವಾಪಸು ಬರುವಾಗ ಕಾರು ಕಾರಣವಿಲ್ಲದೆ ಪೀಂ ಪೀಂ ಎಂದು ಹೊಡೆದುಕೊಳ್ಳತೊಡಗಿತು. "ನಮ್ಮಕ್ಕನೂ ಹೀಗೇ. ಏನು ತಪ್ಪಾಯ್ತು ಅಂತ ಹೇಳಲ್ಲ, ಬರೀ ಕಿರುಚ್ತಾಳೆ" ಎಂದಳು ಅವಳು ತನ್ನಷ್ಟಕ್ಕೆ. ಅವನು ಫಕ್ಕನೆ ನಕ್ಕುಬಿಟ್ಟ. ಎಷ್ಟು ಚೆನ್ನಾಗಿ ನಕ್ಕನೆಂದರೆ ಅವಳು ಒಂದು ತಿರುವು ತಪ್ಪಿಸಿಕೊಂಡಳು. ತಕ್ಷಣ ಇಬ್ಬರೂ ಮುಖ ಗಂಟು ಹಾಕಿಕೊಂಡರು.

ಭಾನುವಾರ ಅಂಕಣ ಬಂತು. ಅದರ ತಲೆಬರಹ: 'ಬೆನ್ನು ಇರುವವರು ಈ ಕಾರು ಹತ್ತಬೇಡಿ'.

ಊರೆಲ್ಲ ನಕ್ಕಿತು. ಸಂಪಾದಕರೂ ನಕ್ಕರು. ಸೋಮವಾರ ಬೆಳಿಗ್ಗೆ ಅವಳ ಮೇಜಿನ ಮೇಲೆ ಆ ಪತ್ರಿಕೆ ರಪ್ಪನೆ ಬಂದು ಬಿತ್ತು.

ತಲೆಯೆತ್ತಿದರೆ... ನೀಲಿ ಅಂಗಿಯವನು!

"ನೀವು ಹುಡುಕ್ತಿದ್ದ ಮಹಾನುಭಾವ ನಾನೇ. ಆ ಕಾರಿನ ಸಸ್ಪೆನ್ಷನ್ ಎಂಜಿನಿಯರ್. ನಾಲ್ಕು ವರ್ಷ, ಮೇಡಂ! ಕೆಟ್ಟ ರಸ್ತೆ ಹುಡುಕಿ ಹುಡುಕಿ ಓಡಿಸಿ, ಒಂದೊಂದು ಸ್ಪ್ರಿಂಗನ್ನೂ ಹತ್ತು ಸಲ ಬದಲಾಯಿಸಿ ಮಾಡಿದ್ದು. ನಮ್ಮ ಕಾರು ಚೆಂದ ಇಲ್ಲ, ಒಪ್ಕೋತೀನಿ. ಎಂಜಿನ್ ಅಳುತ್ತೆ, ಅದನ್ನೂ ಒಪ್ಕೋತೀನಿ. ಆದರೆ ಅದು ಬೆನ್ನು ಮುರಿಯಲ್ಲ!"

"ನನ್ನ ಬೆನ್ನು ಸುಳ್ಳು ಹೇಳ್ತಾ?"

"ಟೈರಿನ ಗಾಳಿ ನೋಡಿದ್ರಾ?"

ಅವಳ ಕೈ ತಾನಾಗಿ ಚೀಲದಲ್ಲಿದ್ದ ಮೀಟರಿನತ್ತ ಹೋಯಿತು. ನೋಡಿದ್ದೆನಲ್ಲ... ಯಾವಾಗಲೂ ನೋಡುತ್ತೇನಲ್ಲ... ಅಯ್ಯೋ!

ಅವನು ವಿಳಾಸ, ಫೋನ್ ನಂಬರು ಇದ್ದ ಚೀಟಿ ಮೇಜಿನ ಮೇಲಿಟ್ಟು ಹೊರಟುಹೋದ. ಇಡೀ ವಿಭಾಗ ಕತ್ತು ಚಾಚಿ ನೋಡುತ್ತಿತ್ತು. ಕ್ರೀಡಾ ವಿಭಾಗದವನ ಕತ್ತು ಎಲ್ಲರದಕ್ಕಿಂತ ಉದ್ದವಾಗಿತ್ತು.

ಅವಳು ಬಾಡಿಗೆ ಕಾರಿನ ಯಾರ್ಡಿಗೆ ಓಡಿದಳು. ಅದೇ ಬೂದಿ ಬಣ್ಣದ ಕಾರು ಮೂಲೆಯಲ್ಲಿ ನಿಂತಿತ್ತು. ಟೈರಿಗೆ ಮೀಟರು ಹಿಡಿದಳು. ನಲವತ್ತೆಂಟು! ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರಬೇಕಾದ ಗಾಳಿಯೆಂದು ಅಚ್ಚಾಗಿದ್ದದ್ದು ಮೂವತ್ತಮೂರು. ನಾಲ್ಕೂ ಟೈರು ಗಾಳಿ ಬಿಗಿದು ಕಲ್ಲಾಗಿದ್ದವು; ಕಾರು ಕುಣಿದದ್ದು ಅದಕ್ಕೇ.

"ಓ, ಅದಾ?" ಎಂದಳು ಕೌಂಟರಿನ ಹೆಂಗಸು. "ಹೊಸ ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುತ್ತೆ ನೋಡಿ, ಟೈರು ಚಪ್ಪಟೆ ಆಗಬಾರದು ಅಂತ ಜಾಸ್ತಿ ಗಾಳಿ ತುಂಬಿರ್ತಾರೆ. ಗಿರಾಕಿಗೆ ಕೊಡೋ ಮೊದಲು ಇಳಿಸಬೇಕು. ನಮ್ಮವರು ಮರೆತಿದ್ದಾರೆ. ನಿಮಗೆ ಗೊತ್ತಾಗಲಿಲ್ವಾ ಮೇಡಂ? ನೀವು ಪೇಪರಿನವರಲ್ವಾ?"

ಅವಳಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಒಂದೇ ಒಂದು ತಪ್ಪು... ಆಗಿಹೋಯಿತು. ಎರಡು ವರ್ಷದ ಹೆಸರು, ಎಂಟು ವರ್ಷ ಕಾದು ಪಡೆದ ಅಂಕಣ, ಎಲ್ಲ ಇನ್ನು ಸಂಪಾದಕರ ಒಂದು ಮಾತಿನಲ್ಲಿ ಹೋಗುತ್ತದೆ!

ಕುಸಿದು ಚಕ್ರದ ಪಕ್ಕ ಕುಳಿತಳು. ಕುಳಿತಾಗ ನೆನಪಾಯಿತು. ಅವತ್ತು ಹೀಗೇ ಚಕ್ರದ ಪಕ್ಕ ಹೆಬ್ಬೆರಳು ಒತ್ತಿ ನೋಡುತ್ತ ಕುಳಿತವನು... ಎದ್ದು "ಒಂದು ವಿಷಯ" ಎಂದವನು...

ಫೋನ್ ಮಾಡಿದಳು. ಅವನು "ಹಲೋ" ಅನ್ನುವ ಮೊದಲೇ ಕೇಳಿದಳು. "ಕಾಫಿಗೆ ನಿಂತಾಗಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಈಗಲೇ ಯಾರ್ಡಿಗೆ ಬನ್ನಿ!"

ಅವನು ಅರ್ಧ ಗಂಟೆಯಲ್ಲಿ ಬಂದ. ಗೇಟಿನಲ್ಲೇ ತಡೆದಳು.

"ಗೊತ್ತಿದ್ದೂ ಸುಮ್ಮನಿದ್ರಾ? ನಾನು ಹಳ್ಳಕ್ಕೆ ಬೀಳೋದನ್ನ ಪಕ್ಕದ ಸೀಟಲ್ಲಿ ಕೂತು ನೋಡಿದ್ರಾ? ನೀವು ಮನುಷ್ಯರೇನ್ರೀ?"

"ಹೇಳೋಕೆ ಬಂದೆ. ನೀವು ಬಾಯಿ ಮುಚ್ಚಿಸಿದ್ರಿ."

"ಆಮೇಲೆ ಕಾರಲ್ಲಿ ನಾಲ್ಕು ಗಂಟೆ ಹೊತ್ತು ಇತ್ತಲ್ಲ!"

"ಇತ್ತು." ಅವನ ದನಿ ಇಳಿಯಿತು. "ಸೊಕ್ಕು ನೋಡಿ ಮೈ ಉರೀತು. ಅಷ್ಟು ದೊಡ್ಡ ತಜ್ಞೆ, ತಾನೇ ಕಂಡುಹಿಡೀಲಿ ಅಂದ್ಕೊಂಡೆ. ಬರೆಯೋ ಮೊದಲು ಖಂಡಿತ ನೋಡ್ತೀರಿ ಅಂತಾನೂ ಅಂದ್ಕೊಂಡೆ. ನಿಮ್ಮ ಅಂಕಣ ನಾನು ಒಂದು ವಾರಾನೂ ಬಿಡದೆ ಓದ್ತೀನಿ. ನೀವು ಟೈರು ನೋಡದೆ ಬರೆದೋರೇ ಅಲ್ಲ."

"ನೋಡ್ತೀನಿ! ಯಾವಾಗಲೂ ನೋಡ್ತೀನಿ! ಅವತ್ತು ನಿಮ್ಮ ಜೊತೆ ಜಗಳ ಆಡೋ ಭರದಲ್ಲಿ..." ಇವನ ಮುಂದೆ ಮಾತ್ರ ಅಳಬಾರದು ಎಂದು ಹಲ್ಲು ಕಚ್ಚಿದಳು. ಆದರೂ ಕಣ್ಣು ತುಂಬಿತು. "ನನ್ನ ಹೊಟ್ಟೆ ಮೇಲೆ ಹೊಡೆದ್ರಿ ನೀವು. ಈ ಅಂಕಣ ಬಿಟ್ರೆ ನಂದು ಅಂತ ನನಗೆ ಏನೂ ಇಲ್ಲ."

ಕಚೇರಿಗೆ ಬಂದು ಕೂಗಾಡಿದ ಗಂಡಸು ಎಲ್ಲಿ ಹೋದನೋ! ಸುಮ್ಮನೆ ಚಕ್ರದ ಬಳಿ ಕುಳಿತು, ಒಂದೊಂದೇ ಟೈರಿನ ಗಾಳಿ ಇಳಿಸತೊಡಗಿದ. ಮೂವತ್ತಮೂರು. ಮೂವತ್ತಮೂರು. ಮೂವತ್ತಮೂರು. ಮೂವತ್ತಮೂರು.

"ಒಂದು ಸಲ ಕೂತು ನೋಡಿ" ಎಂದ. "ಆಮೇಲೆ ಬೇಕಾದ್ರೆ ಕಪಾಳಕ್ಕೆ ಹೊಡೀರಿ."

"ಎರಡೂ ಮಾಡ್ತೀನಿ."

ಅವಳೇ ಹೊಸದಾಗಿ ಕಾಗದಕ್ಕೆ ಸಹಿ ಹಾಕಿ ಕಾರು ತೆಗೆದುಕೊಂಡಳು. ಮೊದಲು ಅವಳು ಓಡಿಸಿದಳು. ಆಮೇಲೆ ಹಿಂದಿನ ಸೀಟು ಹೇಗಿದೆ ನೋಡಬೇಕೆಂದು ಅವನ ಕೈಗೆ ಕೀಲಿ ಎಸೆದು ಹಿಂದೆ ಕುಳಿತಳು. ಅದೇ ಡಾಂಬರು ಕಿತ್ತ ರಸ್ತೆ. ಅವೇ ಗುಂಡಿಗಳು. ಮುಖ ಸಿಂಡರಿಸಿಕೊಂಡೇ ಕುಳಿತಿದ್ದಳು, ಇವನ ಕಾರಿನಲ್ಲಿ ತಪ್ಪು ಸಿಕ್ಕೇ ಸಿಗುತ್ತದೆ ಎಂದು ಕಾಯುತ್ತ. ಭಾನುವಾರ ಏನು ಬರೆಯುವುದು ಎಂದು ಯೋಚಿಸುತ್ತ...

ಕಣ್ಣು ಬಿಟ್ಟಾಗ ಕಿಟಕಿಯಾಚೆ ಎಂದೂ ನೋಡಿರದ ಗದ್ದೆಬಯಲು. ಕಾರು ನಿಧಾನವಾಗಿ ಹೋಗುತ್ತಲೇ ಇತ್ತು. ಕಾರಿನಲ್ಲಿ ಯಾವತ್ತೂ ನಿದ್ದೆ ಮಾಡದವಳು ನಿದ್ದೆ ಹೋಗಿದ್ದಳು!

"ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಹತ್ತು ನಿಮಿಷ."

"ಎಬ್ಬಿಸೋದಲ್ವಾ? ನಮ್ಮ ತಿರುವು ಎಲ್ಲೋ ಹಿಂದೆ ಹೋಯ್ತು!"

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ನಾಲ್ಕು ವರ್ಷ ದುಡಿದಿದ್ದೇ ಇದಕ್ಕೆ, ಮೇಡಂ. ಹೇಗೆ ಎಬ್ಬಿಸಲಿ?"

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ದ್ವೇಷ ಮಾಡುವುದು ಎಷ್ಟು ಸಲೀಸಾಗಿತ್ತು, ಈ ಮನುಷ್ಯ ಯಾಕೆ ಹೀಗೆ ಮಾತಾಡಿದ! ಎದೆ ಬಡಿದುಕೊಳ್ಳುತ್ತಿತ್ತು. ಅದಕ್ಕೂ ಸೇರಿಸಿ ಅವನ ಮೇಲೆ ಕೋಪ ಬಂತು.

ಶುಕ್ರವಾರ ಅವಳು ತಿದ್ದುಪಡಿ ಬರೆದು ಸಂಪಾದಕರ ಮುಂದಿಟ್ಟಳು. ಕಾರಿನ ಕುಲುಕಾಟದ ಬಗ್ಗೆ ಬರೆದದ್ದು ತಪ್ಪು, ಗಾಳಿ ನೋಡದಿದ್ದದ್ದು ನನ್ನ ತಪ್ಪು ಎಂದು ಮೊದಲ ಸಾಲಿನಲ್ಲೇ ಇತ್ತು.

ಸಂಪಾದಕರು ಓದಿ, ಕನ್ನಡಕ ತೆಗೆದು, ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದರು.

"ಇದು ನಿನ್ನೆ ಬಂತು. ಆ ಎಂಜಿನಿಯರ್ ಬರೆದಿದ್ದು. ಗಾಳಿ ಹೆಚ್ಚಿರೋದು ತನಗೆ ಗೊತ್ತಿತ್ತು, ಬೇಕಂತಲೇ ಮುಚ್ಚಿಟ್ಟೆ, ತಪ್ಪೆಲ್ಲ ತನ್ನದೇ ಅಂತ ಹೆಸರು ಹಾಕಿ ಬರೆದಿದ್ದಾನೆ. ಬಂಗಾರದಂಥ ಪತ್ರ! ಇದನ್ನ ಹಾಕೋಣ. ಕಂಪನಿಯವನೇ ಮೋಸ ಮಾಡಿದ ಅಂತ ಓದುಗರು ನಿನ್ನ ಕಡೆಗೆ ನಿಲ್ತಾರೆ. ಅಂಕಣ ನಿನಗೇ ಇರುತ್ತೆ."

"ಅವರ ಕೆಲಸ?"

"ಅದು ಅವನ ಹಣೆಬರಹ. ನಿನಗ್ಯಾಕೆ?"

ಹೌದಲ್ಲ, ನನಗ್ಯಾಕೆ? ಅವನೇನು ನನ್ನ ನೆಂಟನೇ, ಇಷ್ಟನೇ? ನಾಲ್ಕು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತವನು! ಅನುಭವಿಸಲಿ...

ಹೀಗೆಲ್ಲ ಅಂದುಕೊಳ್ಳುತ್ತಲೇ ಆ ಪತ್ರವನ್ನು ಎತ್ತಿಕೊಂಡಳು. ಹರಿದು ಎರಡು ಮಾಡಿದಳು, ನಾಲ್ಕು ಮಾಡಿದಳು, ಎಂಟು ಮಾಡಿದಳು.

"ಏಯ್! ಏನಮ್ಮ ಇದು!"

"ಮೀಟರು ಇದ್ದಿದ್ದು ನನ್ನ ಚೀಲದಲ್ಲಿ ಸಾರ್. ಅವರ ಜೇಬಿನಲ್ಲಲ್ಲ. ನಾನು ಬರೆದಿದ್ದನ್ನೇ ಹಾಕಿ."

"ಹಾಕಿದರೆ ಇದೇ ನಿನ್ನ ಕೊನೇ ಅಂಕಣ. ನಾನು ಮಾತು ತಪ್ಪಲ್ಲ."

"ಗೊತ್ತು ಸಾರ್."

ಹೊರಗೆ ಬಂದು ಹೆಂಗಸರ ಶೌಚಾಲಯದಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಹತ್ತು ನಿಮಿಷ. ಆಮೇಲೆ ಮುಖ ತೊಳೆದು ಬಂದು ತನ್ನ ಮೇಜು ಖಾಲಿ ಮಾಡಿದಳು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ದಬದಬನೆ ಬಡಿಯಿತು. ಅವಳು ಅಕ್ಕನ ಜೊತೆ ಇದ್ದ ಎರಡು ಕೋಣೆಯ ಮನೆ ಅದು. ದಡಬಡಿಸಿ ಎದ್ದು, ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋಗಿ ತೆರೆದಳು.

ಎಂಜಿನಿಯರ್. ಕೈಯಲ್ಲಿ ಪತ್ರಿಕೆ. ಮುಖ ಕೆಂಡ.

"ನನ್ನ ಪತ್ರ ಎಲ್ಲಿ?"

"ಕಸದ ಬುಟ್ಟೀಲಿ."

"ಯಾಕೆ?"

"ಬರವಣಿಗೆ ಚೆನ್ನಾಗಿರಲಿಲ್ಲ."

"ತಮಾಷೆ ಬೇಡ!" ಅವನು ಪತ್ರಿಕೆಯನ್ನು ಬಾಗಿಲಿಗೆ ಬಡಿದ. "ನಿಮ್ಮ ಕಚೇರಿಗೆ ಫೋನ್ ಮಾಡಿದೆ. ರಾತ್ರಿ ಪಾಳಿಯಲ್ಲಿದ್ದ ಆ ಕ್ರೀಡಾ ವಿಭಾಗದೋನು ಎತ್ತಿದ. ನಡೆದಿದ್ದೆಲ್ಲ ಹೇಳಿದ, ನಿಮ್ಮ ಮನೆ ವಿಳಾಸಾನೂ ಕೊಟ್ಟ. ಇನ್ನು ಮೇಲೆ ಅಂಕಣ ತನ್ನದೇ ಅಂತಾನೂ ಹೇಳಿದ. ಯಾರು ಕೇಳಿದ್ರು ನಿಮ್ಮನ್ನ ತ್ಯಾಗ ಮಾಡಿ ಅಂತ? ನಂದೇನು, ಇನ್ನೊಂದು ಕಂಪನೀಲಿ ಕೆಲಸ ಸಿಗ್ತಿತ್ತು! ನಿಮಗೆ ಇದ್ದಿದ್ದು ಅದೊಂದೇ ಅಲ್ವಾ?"

"ತ್ಯಾಗ ಅಲ್ಲ ರೀ. ತಪ್ಪು ನಂದು. ನನ್ನ ಹೆಸರು ಹಾಕಿ ಬರೆದಿದ್ದು, ನಾನೇ ಒಪ್ಕೊಂಡೆ. ಅಷ್ಟೇ."

"ಅರ್ಧ ನಂದು!"

"ಆಯ್ತು, ಅರ್ಧ ನಿಮ್ಮದು. ಮೆಲ್ಲಗೆ ಕೂಗಾಡಿ, ಅಕ್ಕ ಮಲಗಿದ್ದಾಳೆ."

"ಯಾರೇ ಅದು ಬೆಳಬೆಳಗ್ಗೆ?" ಒಳಗಿನಿಂದ ಅಕ್ಕನ ದನಿ. "ಅವನೇನಾ, ನೀನು ವಾರದಿಂದ ಬೈತಾನೇ ಇದ್ದೀಯಲ್ಲ? ಒಳಗೆ ಕರಿ, ನಾನೂ ನೋಡ್ತೀನಿ. ಇಷ್ಟೊಂದು ಬೈಸಿಕೊಂಡೋನು ಹೇಗಿದ್ದಾನೆ ಅಂತ!"

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಅವನ ಕೋಪ ಎಲ್ಲಿ ಇಳಿಯಿತೋ ಏನೋ, ಮೆಟ್ಟಿಲ ಮೇಲೇ ನಿಂತುಬಿಟ್ಟ.

"ವಾರ ಪೂರ್ತಿನಾ?"

"ಹೂಂ. ಮೂರು ಹೊತ್ತೂ."

"ನಾನೂ ಅಷ್ಟೇ. ಏಳೋದು ಕೋಪದಲ್ಲಿ, ಮಲಗೋದು ಕೋಪದಲ್ಲಿ. ನಿಮ್ಮ ಮೇಲೆ ನನಗೆ ಎಷ್ಟು ಕೋಪ ಇದೆ ಗೊತ್ತಾ?"

"ಎಷ್ಟು?"

"ಜೀವನಪೂರ್ತಿ ಜೊತೇಲಿದ್ದು ಜಗಳ ಆಡಿದರೂ ತೀರದಷ್ಟು." ಅವನ ದನಿ ಸಣ್ಣದಾಯಿತು. "ನನಗೆ ನೀವು ಬೇಕು. ಹೀಗೆ ಹೇಳೋದು ಸರೀನೋ ತಪ್ಪೋ ಗೊತ್ತಿಲ್ಲ. ಆದರೆ ಇನ್ನೊಂದು ಸಲ ಬಾಯಿ ಮುಚ್ಕೊಂಡು ಕೂತರೆ ನನ್ನನ್ನ ನಾನೇ ಕ್ಷಮಿಸಲ್ಲ."

ಅವಳು ಬಾಗಿಲ ಚಿಲಕ ಹಿಡಿದು ನಿಂತಿದ್ದಳು. ಕೈಯಲ್ಲಿ ಅಂಕಣವಿಲ್ಲ, ಸೋಮವಾರದಿಂದ ಏನು ಮಾಡಬೇಕೋ ತಿಳಿದಿಲ್ಲ. ಆದರೂ ಎದೆ ಹಗುರಾಗಿತ್ತು. ಇಷ್ಟು ದಿನ ಕಚ್ಚಿ ಹಿಡಿದದ್ದು ಕೋಪವನ್ನಲ್ಲ, ಇವನನ್ನೇ ಎಂದು ಅವಳಿಗೆ ಒಮ್ಮೆಲೇ ತಿಳಿಯಿತು.

"ಒಂದು ಷರತ್ತು" ಎಂದಳು, ಕಣ್ಣೊರೆಸಿಕೊಂಡು. "ಗೊತ್ತಿದ್ದೂ ಸುಮ್ಮನಿರೋದು ಇನ್ನು ಇಲ್ಲ. ನಾನು ಎಷ್ಟೇ ಕೂಗಾಡಲಿ, ಬಾಯಿ ಮುಚ್ಚಿಸಲಿ, ನೀವು ಹೇಳಬೇಕಾದ್ದನ್ನ ಹೇಳಲೇಬೇಕು."

"ಖಂಡಿತ. ಹಾಗಾದ್ರೆ ಒಂದು ಮಾತು ಈಗಲೇ ಹೇಳ್ಲಾ?"

"ಹೇಳಿ..." ಅವಳ ಉಸಿರು ಅರ್ಧಕ್ಕೆ ನಿಂತಿತು.

"ನಿಮ್ಮ ಕಾಲಲ್ಲಿ ಒಂದು ಚಪ್ಪಲಿ ಹಸಿರು, ಒಂದು ಕೆಂಪು."

ಬಗ್ಗಿ ನೋಡಿಕೊಂಡಳು. ಒಂದು ತನ್ನದು, ಒಂದು ಅಕ್ಕನದು! ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ.

"ಬಂದ ತಕ್ಷಣವೇ ಕಂಡಿತ್ತಾ?"

"ಹೂಂ."

"ಮತ್ತೆ ಇಷ್ಟು ಹೊತ್ತು ಸುಮ್ಮನಿದ್ರಲ್ಲ ರೀ!"

"ಈಗ ತಾನೇ ಕಲೀತಾ ಇದ್ದೀನಿ" ಎಂದ ಅವನು, ಅವಳ ಕೈ ಹಿಡಿದು. "ಸ್ವಲ್ಪ ಸಮಯ ಕೊಡಿ."